ಸವಳು ನೀರಿನ ಅಕ್ವೇರಿಯಂ



ಮಹಾಕೂಟದ ಪುಷ್ಕರಿಣಿಯ ಚಿಲುಮೆ ನೀರು ಸಿಹಿ. ನಮ್ಮ ಎಷ್ಟೋ ಬೋರ್‌ವೆಲ್‌ಗಳದು ಸವಳು. ಮನೆಯಲ್ಲಿ ಖಾರಾ ಪಾನಿ ಎನ್ನುತ್ತೇವೆ. ಇಂದು ನಾನು ಹೇಳಹೊರಟಿರುವುದು ಮೂರನೆಯದು, ನದಿಯು ಸಮುದ್ರ ಸೇರುವಲ್ಲಿನ ಅಳಿವೆಯ ನೀರು. 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿದ, ಕುಮಟಾ ಬಳಿಯ ಅಘನಾಶಿನಿ ಅಳಿವೆಯಲ್ಲಿ ದಿನಕ್ಕೆರಡು ಸಲ ಉಬ್ಬರ ಬಂದು ಉಪ್ಪಿನಂಶ ಏರಿಳಿಯುತ್ತದೆ.

ಇಂಥ ನೀರಿನ ಆರೆಂಜ್ ಕ್ರೋಮೈಡ್ ಎಂಬುದು ಕರಿಮೀನಿನ ಬಂಧು, ಬೆರಳುದ್ದದ ಹಳದಿ ಮೀನು. ತಂದೆತಾಯಿ ಎರಡೂ ಮರಿ ಕಾಯುತ್ತವೆ. ಮರಿಗಳು ಅವುಗಳ ಮೈಮೇಲಿನ ಲೋಳೆಯನ್ನು ತಿನ್ನುತ್ತವೆ!

100 ಲೀಟರ್ ನೀರಿಗೆ ಸುಮಾರು 900 ಗ್ರಾಂ ಸಮುದ್ರ ಅಕ್ವೇರಿಯಂ ಉಪ್ಪು ಹಾಕಿರಿ. ಇದು ಕಡಲಿನ ಉಪ್ಪಿನಂಶದ ಕಾಲು ಭಾಗ. ಅಡುಗೆ ಉಪ್ಪು ಬೇಡ. ಕಡಲ ನೀರಿನಲ್ಲಿರುವಷ್ಟು ಕ್ಯಾಲ್ಸಿಯಂ, ಮೆಗ್ನೀಷಿಯಂ ಅದರಲ್ಲಿರುವುದಿಲ್ಲ. ಫಿಲ್ಟರ್ ಓಡಿಸಿ, ದಿನಾ ಚಿಟಿಕೆ ಮೀನಿನ ಆಹಾರ ಹಾಕುತ್ತಾ 4ರಿಂದ 6 ವಾರ ಕಾಯಿರಿ. ಅಮೋನಿಯಾ ವಿಷವನ್ನು ಕಳೆಯುವ ಬ್ಯಾಕ್ಟೀರಿಯಾ ಬೆಳೆದ ಮೇಲೆಯೇ ಮೀನು ತನ್ನಿರಿ.

ನನ್ನ ತಪ್ಪನ್ನೂ ಹೇಳಿಬಿಡುತ್ತೇನೆ. ಏಪ್ರಿಲ್ ಬಿಸಿಲಿಗೆ ವಾರಕ್ಕೆ 10 ಲೀಟರ್ ಆವಿಯಾಗುತ್ತಿತ್ತು. ನಾನು ಪ್ರತಿಸಲವೂ ಉಪ್ಪು ಬೆರೆಸಿದ ನೀರನ್ನೇ ತುಂಬಿದೆ. ನೀರು ಆರುತ್ತದೆ, ಉಪ್ಪು ಅಲ್ಲೇ ಉಳಿಯುತ್ತದೆ. ವಿಜ್ಞಾನದಲ್ಲಿ ಇದನ್ನು ಓದಿದ್ದರೂ ಹೊಳೆಯಲಿಲ್ಲ. ಐದು ವಾರದಲ್ಲಿ 450 ಗ್ರಾಂ ಉಪ್ಪು ಹೆಚ್ಚಾಯಿತು. ಗಿಡಗಳು ಕೊಳೆತವು, ನೀರು ಕೆಟ್ಟಿತು, ಎರಡು ಮೀನು ಸತ್ತವು. ಮಗಳು ಮೂರು ದಿನ ನನ್ನ ಜೊತೆ ಮಾತಾಡಲಿಲ್ಲ.

ಆದ್ದರಿಂದ ಗಾಜಿನ ಮೇಲೆ ಒಂದು ಗೆರೆ ಎಳೆಯಿರಿ. ಆವಿಯಾದಷ್ಟಕ್ಕೆ ಉಪ್ಪಿಲ್ಲದ ಫಿಲ್ಟರ್ ನೀರು, ಅಂದರೆ ಆರ್.ಓ. ನೀರು ಹಾಕಿರಿ. ಹಳೆಯ ನೀರು ತೆಗೆದು ಬದಲಿಸುವಾಗ ಮಾತ್ರ ಲೀಟರಿಗೆ 9 ಗ್ರಾಂ ಉಪ್ಪು ಬೆರೆಸಿರಿ. ಸಾಕಲಾಗದಿದ್ದರೆ ಮೀನನ್ನು ಅಂಗಡಿಗೆ ಮರಳಿಸಿರಿ. ಮಹಾಕೂಟದ ಹೊಂಡಕ್ಕಾಗಲಿ ಮಲಪ್ರಭೆಗಾಗಲಿ ಬಿಡಬೇಡಿರಿ.