ಲೆಕ್ಕ ಯಾರ ಕೈಯಲ್ಲಿ?

(ಕರೋಶಿಯಲ್ಲಿ ಪಾಲಕರು ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣ)



ಪಿಯುಸಿ ಫಲಿತಾಂಶ ಬಂದೊಡನೆ ಮನೆಮನೆಯಲ್ಲಿ ಒಂದೇ ಪ್ರಶ್ನೆ: ಮುಂದೇನು? ಡಾಕ್ಟರಿಕೆ, ಇಂಜಿನಿಯರಿಂಗು ಕೈಗೆಟುಕದ ಮನೆಗಳಲ್ಲಿ ಈಗ ಬಿ.ಬಿ.ಎ. ಎಂಬ ಮಾತು ಕೇಳಿಬರುತ್ತಿದೆ. ಇದು ವ್ಯವಹಾರ ಆಡಳಿತದ ಮೂರು ವರ್ಷದ ಪದವಿ, ಮೊದಲು ಬಿ.ಬಿ.ಎಂ. ಎಂದು ಕರೆಯುತ್ತಿದ್ದುದೂ ಇದನ್ನೇ. ಕೆಲವು ತಂದೆಯರು ನಮ್ಮನ್ನು ಕೇಳುತ್ತಾರೆ: "ನಾವು ಗಿರಣಿಯಲ್ಲಿ ದುಡಿಯುವವರು, ಸಂತೆಯಲ್ಲಿ ಅಂಗಡಿ ಹಚ್ಚುವವರು. ಸಾಹುಕಾರರ ವಿದ್ಯೆ ನಮ್ಮ ಮಕ್ಕಳಿಗೆ ಯಾತಕ್ಕೆ?"

ಪ್ರಶ್ನೆ ಸರಿಯಾದುದೇ. ಈ ವಿದ್ಯೆಯ ಮೊದಲ ವಿಶ್ವವಿದ್ಯಾಲಯ ಶಾಲೆ 1881ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಹುಟ್ಟಿದ್ದು ಜೋಸೆಫ್ ವಾರ್ಟನ್ ಎಂಬ ಉದ್ಯಮಪತಿಯ ಹಣದಿಂದ. ನಮ್ಮ ಕಡೆ 1913ರಲ್ಲಿ ಮುಂಬಯಿಯಲ್ಲಿ ಸಿಡನ್‌ಹ್ಯಾಮ್ ವಾಣಿಜ್ಯ ಕಾಲೇಜು ತೆರೆಯಿತು. ಆದರೆ ಇವೆರಡರ ನಡುವೆ, 1905ರಲ್ಲಿ, ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ರೈತರನ್ನು ಕೂಡಿಸಿ ಪತ್ತಿನ ಸಹಕಾರಿ ಸಂಘ ಕಟ್ಟಿದರು. ಯಾರಿಗೆ ಎಷ್ಟು ಸಾಲ, ವಸೂಲಿ ಹೇಗೆ, ಕೀರ್ದಿ ಬರೆಯುವವರು ಯಾರು ಎಂಬುದನ್ನು ಅವರೂ ಗೊತ್ತುಮಾಡಲೇಬೇಕಾಗಿತ್ತು. ಅದೂ ವ್ಯವಹಾರ ಆಡಳಿತವೇ. ಆದರೆ ಅಲ್ಲಿ ಮಾಲಕರು ದುಡಿಯುವವರೇ ಆಗಿದ್ದರು.

ದೂರ ಹೋಗುವುದು ಬೇಡ. ಚಿಕ್ಕೋಡಿಯ ದೂಧಗಂಗಾ ಕೃಷ್ಣಾ ಸಕ್ಕರೆ ಕಾರ್ಖಾನೆ ಸಹಕಾರಿ ಸಂಸ್ಥೆ. ನೆರೆಯ ಹುಕ್ಕೇರಿ ತಾಲೂಕಿನಲ್ಲಿ ಮನೆಗಳಿಗೆ ವಿದ್ಯುತ್ ಹಂಚುವುದೂ 1969ರಲ್ಲಿ ಸ್ಥಾಪನೆಯಾದ ಸಹಕಾರಿ ಸಂಘವೇ. ಇಂಥ ಸಂಸ್ಥೆಗಳ ಒಡೆಯರು ಶೇರು ಹಿಡಿದ ಸಾಮಾನ್ಯ ಜನ. ಒಡೆತನ ನಮ್ಮದು, ಲೆಕ್ಕ ಮಾತ್ರ ಇನ್ನೊಬ್ಬರಿಗೆ ಗೊತ್ತು ಎಂದಾದರೆ ಅದು ಎಂಥ ಒಡೆತನ? ನಮ್ಮ ತಪ್ಪನ್ನೂ ಒಪ್ಪಿಕೊಳ್ಳುತ್ತೇವೆ. ಎಷ್ಟೋ ವಾರ್ಷಿಕ ಸಭೆಗಳಿಗೆ ನಾವು ಹೋದೆವು, ಚಹಾ ಕುಡಿದೆವು, ಕೈ ಎತ್ತಿದೆವು, ಅಢಾವೆ ಪತ್ರಿಕೆಯನ್ನು ಮಡಚಿ ಕಿಸೆಯಲ್ಲಿಟ್ಟು ಮನೆಗೆ ಬಂದೆವು. ಓದಲು ಬರಲಿಲ್ಲವೆಂದು ಹೇಳಲು ನಾಚಿದೆವು.

ಲೆಕ್ಕ ತಿಳಿಯದಿದ್ದರೆ ಏನು ಹೋಗುತ್ತದೆ, ನೋಡಿರಿ. 2025-26ರ ಹಂಗಾಮಿಗೆ ಕೇಂದ್ರ ಸರ್ಕಾರ ಕಬ್ಬಿಗೆ ಗೊತ್ತುಮಾಡಿದ ದರ ಕ್ವಿಂಟಲಿಗೆ 355 ರೂಪಾಯಿ. ಇದು ಸಕ್ಕರೆ ಇಳುವರಿ ಶೇಕಡಾ 10.25 ಇದ್ದಾಗ. ಇಳುವರಿ ಅದರ ಮೇಲೆ 0.1 ಏರಿದಂತೆಲ್ಲ 3 ರೂಪಾಯಿ 46 ಪೈಸೆ ಹೆಚ್ಚು. ಅಂದರೆ ಇಳುವರಿಯಲ್ಲಿ ಅರ್ಧ ಶೇಕಡಾ ವ್ಯತ್ಯಾಸವಾದರೆ ಕ್ವಿಂಟಲಿಗೆ 17 ರೂಪಾಯಿ 30 ಪೈಸೆ, ಟನ್ನಿಗೆ 173 ರೂಪಾಯಿ. ನಲವತ್ತು ಟನ್ ಕಬ್ಬು ಕಳಿಸಿದ ಮನೆಗೆ 6,920 ರೂಪಾಯಿ. ಒಬ್ಬ ವಿದ್ಯಾರ್ಥಿಯ ಪುಸ್ತಕದ ಖರ್ಚು ಆ ಅರ್ಧ ಶೇಕಡಾದಲ್ಲಿ ಅಡಗಿದೆ! ಹದಿನಾಲ್ಕು ದಿನದೊಳಗೆ ಬಿಲ್ಲು ಕೊಡದಿದ್ದರೆ ವರ್ಷಕ್ಕೆ ಶೇಕಡಾ 15ರ ಬಡ್ಡಿ ಸಲ್ಲಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ಆ ಬಡ್ಡಿಯನ್ನು ಲೆಕ್ಕ ಹಾಕಿ ಕೇಳಿದವರು ನಮ್ಮಲ್ಲಿ ಎಷ್ಟು ಮಂದಿ?

ಗಿರಣಿ ಕಾರ್ಮಿಕರ ಮಾತೂ ಇದೇ. ಬೋನಸ್ಸಿಗೆ ಕೆಳಗಿನ ಮಿತಿ ಶೇಕಡಾ 8.33, ಮೇಲಿನ ಮಿತಿ ಶೇಕಡಾ 20 ಎಂದು 1965ರ ಕಾಯ್ದೆ ಇಟ್ಟಿತು. 2025ರ ನವೆಂಬರಿನಲ್ಲಿ ಜಾರಿಗೆ ಬಂದ ವೇತನ ಸಂಹಿತೆಯಲ್ಲೂ ಅದೇ ಮಿತಿಗಳಿವೆ. ಈ ಎರಡರ ನಡುವೆ ನಮಗೆ ಎಷ್ಟು ಸಲ್ಲಬೇಕೆಂಬುದು ಲಾಭದ ಲೆಕ್ಕದಿಂದ ಹೊರಡುತ್ತದೆ. ಯಂತ್ರಗಳ ಸವಕಳಿ ಎಷ್ಟು ಬರೆದರು, ತೆರಿಗೆ ಎಷ್ಟು ಕಳೆದರು ಎಂಬುದನ್ನು ಓದಬಲ್ಲ ಒಬ್ಬನಿದ್ದರೆ ಸಂಘದ ಮಾತಿಗೆ ತೂಕ ಬರುತ್ತದೆ. ಬರಿಯ ಘೋಷಣೆಗೆ ಆಡಳಿತ ವರ್ಗ ನಗುತ್ತದೆ. ಅಂಕಿಗೆ ಉತ್ತರ ಕೊಡಲೇಬೇಕಾಗುತ್ತದೆ.

ಸಣ್ಣ ವ್ಯಾಪಾರಿಗಳೂ ಮರೆತಿರಲಾರರು. 2025ರ ಜುಲೈಯಲ್ಲಿ ಯುಪಿಐ ಜಮೆಯನ್ನು ನೋಡಿ ರಾಜ್ಯದಲ್ಲಿ ಸಾವಿರಾರು ಅಂಗಡಿಗಳಿಗೆ ಜಿಎಸ್‌ಟಿ ನೋಟೀಸು ಬಂದವು. ಹಾಲು, ತರಕಾರಿಯಂಥ ತೆರಿಗೆಯಿಲ್ಲದ ಸರಕು ಮಾರುವವರೂ ಬೆದರಿ ನಗದಿಯೇ ಬೇಕೆಂದು ಫಲಕ ತೂಗಹಾಕಿದರು. ಸರಕಿಗೆ 40 ಲಕ್ಷ, ಸೇವೆಗೆ 20 ಲಕ್ಷದ ವಾರ್ಷಿಕ ಮಿತಿ ಯಾವುದಕ್ಕೆ ಹೇಗೆ ಅನ್ವಯಿಸುತ್ತದೆ ಎಂದು ಬಲ್ಲ ಮಗಳೊಬ್ಬಳು ಮನೆಯಲ್ಲಿದ್ದರೆ, ಖರೀದಿಯ ಚೀಟಿಗಳನ್ನು ಜೋಡಿಸಿಟ್ಟಿದ್ದರೆ, ನೋಟೀಸು ಹೆದರಿಸುವ ಕಾಗದವಾಗುವುದಿಲ್ಲ, ಉತ್ತರಿಸುವ ಕಾಗದವಾಗುತ್ತದೆ.

ಆದುದರಿಂದ ಓದಿಸಿರಿ ಎನ್ನುತ್ತೇವೆ. ಆದರೆ ಕಣ್ಣು ಮುಚ್ಚಿ ಅಲ್ಲ. ಪದವಿಯ ಕಾಗದ ತಾನಾಗಿ ಅನ್ನ ಹಾಕದು. ಹೆಸರು ಹಚ್ಚುವ ಮೊದಲು ಕಾಲೇಜಿಗೆ ಹೋಗಿ ಕೇಳಿರಿ: ಒಟ್ಟು ಫೀ ಎಷ್ಟು? ಲೆಕ್ಕಶಾಸ್ತ್ರಕ್ಕೆ ಕಾಯಂ ಅಧ್ಯಾಪಕರಿದ್ದಾರೆಯೆ? 2024-25ರಿಂದ ಬಿ.ಬಿ.ಎ.ಯೂ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಮಂಡಳಿಯ ವ್ಯಾಪ್ತಿಗೆ ಬಂದಿದೆ. ಅದರ ಮಂಜೂರಾತಿ ಇದೆಯೆ? ಹೆಣ್ಣುಮಕ್ಕಳಿಗೆ 2023ರ ಜೂನಿನಿಂದ ಸರ್ಕಾರಿ ಬಸ್ಸಿನ ಪ್ರಯಾಣ ಉಚಿತವಾಗಿದೆ. ದೂರದ ನೆವ ಹೇಳಿ ಅವರನ್ನು ಮನೆಯಲ್ಲಿ ಕೂಡಿಸಬೇಡಿರಿ.

2010ರಲ್ಲಿ ಬೆಳಗಾವಿಗೆ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಬಂತು. ಅದನ್ನೂ ಕಾಲೇಜುಗಳನ್ನೂ ನಾವು ಕೇಳುವುದಿಷ್ಟು. ಸಹಕಾರಿ ಕಾನೂನನ್ನೂ ಕಾರ್ಮಿಕ ಕಾನೂನನ್ನೂ ಈ ಮಕ್ಕಳಿಗೆ ತಿಳಿಯುವ ಕನ್ನಡದಲ್ಲಿ ಕಲಿಸಿರಿ. ಪ್ರಾಯೋಗಿಕ ತರಬೇತಿಗೆ ದೊಡ್ಡ ಶಹರದ ಕಂಪನಿಗಳಿಗಷ್ಟೇ ಅಲ್ಲ, ಹಳ್ಳಿಯ ಪತ್ತಿನ ಸಂಘಕ್ಕೂ ಹಾಲಿನ ಸಂಘಕ್ಕೂ ಕಳಿಸಿರಿ.

ವಿದ್ಯಾರ್ಥಿ ಮಿತ್ರರೆ, ಕೊನೆಯ ಮಾತು ನಿಮಗೆ. ಸಿಬ್ಬಂದಿ ನಿರ್ವಹಣೆ ಎಂಬ ಪಾಠ ನಿಮಗಿದೆ. ಅದನ್ನು ಕಲಿತು ನಾಳೆ ನೀವು ಮೇಜಿನ ಆಚೆ ಕುಳಿತು, ಅಪ್ಪನಂಥವರ ಹಾಜರಿ ಕತ್ತರಿಸುವವರಾಗಬಹುದು; ಅವರಿಗೆ ಸಲ್ಲಬೇಕಾದುದನ್ನು ಸರಿಯಾಗಿ ಬರೆಯುವವರೂ ಆಗಬಹುದು. ಪುಸ್ತಕ ಒಂದೇ. ಅದನ್ನು ಓದಿ ಯಾರ ಪರವಾಗಿ ನಿಲ್ಲುವಿರೆಂಬುದು ನಿಮ್ಮ ತೀರ್ಮಾನ. ಸೆಪ್ಟೆಂಬರ್ ಹೊತ್ತಿಗೆ ಸಹಕಾರಿ ಸಂಘಗಳ ವಾರ್ಷಿಕ ಸಭೆಗಳು ಬರುತ್ತವೆ. ಸಭೆಗೆ ಮುಂಚೆ ಒಂದು ಸಂಜೆ ಅಢಾವೆ ಪತ್ರಿಕೆ ಹಿಡಿದು ಊರ ಕಟ್ಟೆಗೆ ಬನ್ನಿರಿ. ಸಾಲು ಸಾಲಾಗಿ ಓದಿ ಹೇಳಿರಿ. ಈ ಸಲ ನಾವು ಅದನ್ನು ಕಿಸೆಯಲ್ಲಿ ಮಡಚಿಡುವುದಿಲ್ಲ, ಕೂತು ಕೇಳುತ್ತೇವೆ.