ಬೆಟ್ಟದ ಸವಕಳಿ ಯಾರ ಲೆಕ್ಕಕ್ಕೆ?

(ಬಳ್ಳಾರಿಯಲ್ಲಿ ನಡೆದ ಕಾರ್ಯಕರ್ತರ ಅಧ್ಯಯನ ಶಿಬಿರದಲ್ಲಿ ಮಾಡಿದ ಭಾಷಣ)



ಈ ಶಿಬಿರದಲ್ಲಿ ನಮಗೆ ಒಪ್ಪಿಸಿರುವ ವಿಷಯ “ಉದ್ಯಮಗಳ ಹೊಣೆ ಮತ್ತು ಮುಂದಿನ ಪೀಳಿಗೆ” ಎಂಬುದು. ಕಂಪೆನಿಗಳ ವಾರ್ಷಿಕ ವರದಿಗಳಲ್ಲಿ ಈ ಮಾತು ನುಣುಪಾದ ಕಾಗದದ ಮೇಲೆ, ಸಸಿ ಹಿಡಿದು ನಿಂತ ಮಕ್ಕಳ ಚಿತ್ರದೊಡನೆ ಅಚ್ಚಾಗಿ ಬರುತ್ತದೆ. ನಾವು ಚಿತ್ರವನ್ನು ಬಿಟ್ಟು ಲೆಕ್ಕದ ಪುಟಗಳನ್ನು ತೆರೆಯೋಣ. ಸಂಡೂರಿನ ಬೆಟ್ಟಗಳು ಇಲ್ಲಿಂದ ದೂರವಿಲ್ಲ, ಉದಾಹರಣೆಗಾಗಿ ಅಲೆಯಬೇಕಾದುದಿಲ್ಲ.

ಗಣಿಗೆ ಒಂದು ಲಾರಿ ಕೊಂಡರೆ ಕಂಪೆನಿಯ ಗುಮಾಸ್ತ ಏನು ಮಾಡುತ್ತಾನೆ? ವರ್ಷ ವರ್ಷವೂ ಅದರ ಬೆಲೆಯಲ್ಲಿ ಇಷ್ಟು ಸವಕಳಿ ಎಂದು ಬರೆದು ಲಾಭದಲ್ಲಿ ಕಳೆಯುತ್ತಾನೆ. ಅಗೆಯುವ ಯಂತ್ರಕ್ಕೂ ಸವಕಳಿಯುಂಟು, ಕಚೇರಿಯ ಕುರ್ಚಿಗೂ ಉಂಟು. ಬೆಟ್ಟಕ್ಕೆ ಮಾತ್ರ ಇಲ್ಲ. ಕಂಪೆನಿಯನ್ನು ಕೇಳಿದರೆ, ಬೆಟ್ಟ ನಮ್ಮದಲ್ಲ, ಸರ್ಕಾರದ್ದು, ನಾವು ಗುತ್ತಿಗೆದಾರರು ಎನ್ನುತ್ತದೆ. ಸರಿ, ಸರ್ಕಾರದ ಪುಸ್ತಕ ನೋಡೋಣವೆಂದರೆ ಅಲ್ಲಿಯೂ ಸವಕಳಿಯ ಕಲಮು ಕಾಣದು. ಅದಿರಿನ ರಾಜಧನವನ್ನು ಆ ವರ್ಷದ ವರಮಾನವೆಂದು ಜಮಾ ಮಾಡಿಕೊಂಡು, ಸಂಬಳಕ್ಕೆ ಇಷ್ಟು, ಸಾಲದ ಬಡ್ಡಿಗೆ ಇಷ್ಟು ಎಂದು ಖರ್ಚು ಹಾಕಲಾಗುತ್ತದೆ. ಬಿತ್ತನೆಯ ಬೀಜವನ್ನು ಕುಟ್ಟಿ ಉಂಡ ಮನೆಯವರು ಅದನ್ನು ಸುಗ್ಗಿ ಎಂದು ಕರೆಯುವುದಿಲ್ಲ. ನಮ್ಮ ಆಯವ್ಯಯ ಪತ್ರದಲ್ಲಿ ಮಾತ್ರ ಹಾಗೆಯೇ ಕರೆಯುತ್ತಾರೆ.

ಅದೂ ಎಷ್ಟು ವರಮಾನ? 2009ರ ಆಗಸ್ಟ್‌ವರೆಗೆ ಉತ್ತಮ ದರ್ಜೆಯ ಒಂದು ಟನ್ ಗಟ್ಟಿ ಅದಿರಿಗೆ ರಾಜಧನ 27 ರೂಪಾಯಿ! ಕೆಳದರ್ಜೆಯದಕ್ಕೆ ಇನ್ನೂ ಕಡಿಮೆ. ಚೀನಾದ ಉಕ್ಕಿನ ಕುಲುಮೆಗಳು ಬಾಯಿ ತೆರೆದು ನಿಂತಿದ್ದ ಕಾಲವದು. ಅದಿರಿನ ಬೆಲೆ ಟನ್ನಿಗೆ ಸಾವಿರಾರು ರೂಪಾಯಿಗೆ ಏರಿತ್ತು. 2009ರಲ್ಲಿ ಬೆಲೆಯ ಶೇಕಡ 10 ಎಂದಾಯಿತು, 2014ರಲ್ಲಿ ಶೇಕಡ 15. ಇದು ಕಾನೂನಿನ ಪ್ರಕಾರ ನಡೆದ ವ್ಯಾಪಾರದ ಮಾತು. ಕಾನೂನು ಬಿಟ್ಟು ನಡೆದುದರ ಲೆಕ್ಕವನ್ನು ಲೋಕಾಯುಕ್ತ ಸಂತೋಷ ಹೆಗ್ಡೆಯವರು 2011ರ ಜುಲೈ ವರದಿಯಲ್ಲಿ ಕೊಟ್ಟರು: ಬೊಕ್ಕಸಕ್ಕೆ ಆದ ನಷ್ಟ 16,085 ಕೋಟಿ ರೂಪಾಯಿ. ಕಳ್ಳತನ ಹಿಡಿದರೆ ಜನ ಸಂತೋಷಪಡುತ್ತಾರೆ, ಅದು ಸಹಜ. ಆದರೆ ಸಂಡೂರಿನ ಬೆಟ್ಟಕ್ಕೆ ಪರವಾನಗಿಯುಳ್ಳ ಲಾರಿ ಯಾವುದು, ಇಲ್ಲದ ಲಾರಿ ಯಾವುದು ಎಂಬ ಭೇದ ತಿಳಿಯದು.

ಬೆಟ್ಟ ಅಗೆಯುವುದೆಂದರೆ ಅದಿರೊಂದೇ ಹೋಗುವುದಲ್ಲ. ಮೇಲೆ ಹೊದ್ದ ಮಣ್ಣು, ಆ ಮಣ್ಣು ಹಿಡಿದುಕೊಂಡಿದ್ದ ನೀರು, ಕಾಡು ಎಲ್ಲವೂ ಹೋಗುತ್ತವೆ. ಬೇಡದ ಮಣ್ಣನ್ನು ಇಳಿಜಾರಿನಲ್ಲಿ ಡಂಪು ಸುರಿಯುತ್ತಾರೆ. ಮಳೆ ಬಂದಾಗ ಆ ಕೆಮ್ಮಣ್ಣು ಹಳ್ಳಕ್ಕಿಳಿದು ಕೆರೆಯ ತಳ ಸೇರುತ್ತದೆ. ಕೆರೆಯಲ್ಲಿ ಹೂಳು ಏರಿದಷ್ಟೂ ನೀರು ಹಿಡಿಯುವ ಜಾಗ ಕಡಿಮೆ. ಲಾರಿ ಓಡುವ ದಾರಿಯ ಹೊಲದಲ್ಲಿ ಬೆಳೆಯ ಎಲೆಯ ಮೇಲೆ ಧೂಳು ಕೂತು ಹಸಿರು ಕೆಂಪಾಗುತ್ತದೆ. ಈ ನಷ್ಟಗಳಲ್ಲಿ ಒಂದಕ್ಕೂ ಕಂಪೆನಿ ಲಾಭನಷ್ಟದ ಪಟ್ಟಿಯಲ್ಲಿ ಸಾಲಿಲ್ಲ. ಬರೆಯದೆ ಬಿಟ್ಟ ಖರ್ಚೆಲ್ಲ ಲಾಭವಾಗಿ ಕಾಣಿಸುತ್ತದೆ.

ಇಂಥ ಲಾಭದಲ್ಲಿ ಶೇಕಡ 2ರಷ್ಟನ್ನು ಸಮಾಜಕ್ಕೆ ವೆಚ್ಚ ಮಾಡಬೇಕೆಂದು 2013ರ ಕಂಪೆನಿ ಕಾಯಿದೆಯ 135ನೆಯ ಕಲಮು ದೊಡ್ಡ ಕಂಪೆನಿಗಳಿಗೆ ವಿಧಿಸಿದೆ. ಹಿಂದಿನ ಮೂರು ವರ್ಷಗಳ ನಿವ್ವಳ ಲಾಭದ ಸರಾಸರಿಯ ಮೇಲೆ ಈ ಲೆಕ್ಕ. ಶಾಲೆಗೆ ಬೆಂಚು, ಊರಿಗೆ ನೀರಿನ ಘಟಕ ಬರುತ್ತವೆ. ಬರಲಿ, ಬೇಡವೆನ್ನುವ ಹುಚ್ಚು ನಮಗಿಲ್ಲ. ಆದರೆ ಸಾಲ ತೀರಿಸುವುದಕ್ಕೂ ದಾನ ಕೊಡುವುದಕ್ಕೂ ಅಂತರವುಂಟು. ಸಾಲದವನು ಲೆಕ್ಕ ಕೇಳಬಹುದು. ದಾನ ಪಡೆದವನು ಸಮಾರಂಭದಲ್ಲಿ ಕೈಮುಗಿದು ಹಾರ ಹಾಕಬೇಕು. ಹೊಣೆ ಎಂಬ ಶಬ್ದವನ್ನು ಬಂಡವಾಳಗಾರರು ನಮ್ಮಿಂದ ಎರವಲು ಪಡೆದು, ಅದರ ಒಳಗಿನ ಲೆಕ್ಕವನ್ನು ತೆಗೆದು, ಹಾರವನ್ನು ಮಾತ್ರ ಉಳಿಸಿಕೊಂಡಿದ್ದಾರೆ.

ಇಷ್ಟು ಹೇಳಿ ನಿಲ್ಲಿಸಿದರೆ ನಾವು ಅಪ್ರಾಮಾಣಿಕರಾಗುತ್ತೇವೆ. ಗಣಿಗಳು ಸಾರ್ವಜನಿಕ ಒಡೆತನಕ್ಕೆ ಬಂದರೆ ಎಲ್ಲ ಸರಿಹೋಗುತ್ತದೆ ಎಂದು ನಮ್ಮ ಪಕ್ಷದವರು ವೇದಿಕೆ ವೇದಿಕೆಗಳಲ್ಲಿ ಹೇಳಿದ್ದೇವೆ. ಕುದುರೆಮುಖದಲ್ಲಿ ಅಗೆದವರು ಯಾವ ಶೆಟ್ಟಿಯೂ ಅಲ್ಲ, ಯಾವ ಧಣಿಯೂ ಅಲ್ಲ. 1976ರಲ್ಲಿ ಸ್ಥಾಪನೆಯಾದ ಕೇಂದ್ರ ಸರ್ಕಾರದ ಕಂಪೆನಿ. ಇರಾನಿನ ಷಾ ದೊರೆಗೆ ಅದಿರು ಮಾರುವ ಒಪ್ಪಂದದ ಮೇಲೆ ಶುರುವಾಯಿತು. 1979ರಲ್ಲಿ ಷಾ ಹೋದರು, ಗಣಿ ಉಳಿಯಿತು. ಅಲ್ಲಿಯ ಅದಿರು ಕೆಳದರ್ಜೆಯದಾದುದರಿಂದ ಅರೆದು ಕಬ್ಬಿಣದ ಅಂಶವನ್ನು ಬೇರ್ಪಡಿಸಿ ಕೊಳವೆಯಲ್ಲಿ ಮಂಗಳೂರಿಗೆ ಕಳಿಸುತ್ತಿದ್ದರು. ಉಳಿದ ಕೆಸರಿಗೆ ಲಖ್ಯಾ ಹಳ್ಳದ ಅಣೆಕಟ್ಟು. ಮಳೆಗಾಲದಲ್ಲಿ ಗಣಿಯ ಹೂಳು ಭದ್ರೆಗಿಳಿಯಿತು. ಆ ಭದ್ರೆಯ ನೀರನ್ನು ನಂಬಿದವರು ಶಿವಮೊಗ್ಗ, ದಾವಣಗೆರೆಯ ರೈತರು. ಕಡೆಗೆ 2002ರಲ್ಲಿ ಸುಪ್ರೀಂ ಕೋರ್ಟು ಹೇಳಿ, 2005ರ ಡಿಸೆಂಬರ್ 31ಕ್ಕೆ ಗಣಿ ನಿಂತಿತು. ಒಡೆತನ ಬದಲಾದ ಮಾತ್ರಕ್ಕೆ ಲೆಕ್ಕದ ಪದ್ಧತಿ ಬದಲಾಗಲಿಲ್ಲವೆಂಬುದನ್ನು ನಾವು ಒಪ್ಪಿಕೊಳ್ಳಬೇಕು, ತಡವಾಗಿಯಾದರೂ.

ಇನ್ನು ಇಲ್ಲಿಯೇ ಕುಳಿತಿರುವ ಗಣಿ ಕಾರ್ಮಿಕ ಬಂಧುಗಳ ಮಾತು. 2011ರ ಜುಲೈ 29ರಂದು ಬಳ್ಳಾರಿಯ ಗಣಿಗಳನ್ನು ಕೋರ್ಟು ನಿಲ್ಲಿಸಿದಾಗ ಧಣಿಗಳ ಮನೆಯ ಒಲೆ ಆರಲಿಲ್ಲ. ಆರಿದ್ದು ದಿನಗೂಲಿಯವನ ಒಲೆ, ಸಾಲ ಮಾಡಿ ಒಂದು ಲಾರಿ ಕೊಂಡವನ ಒಲೆ. ಆಗ ನಾವು ಪರಿಸರದ ಮಾತನ್ನು ಆಡಿದೆವು, ಕೂಲಿಯ ಮಾತನ್ನು ಮೆಲ್ಲಗೆ ಆಡಿದೆವು. ಕಾರ್ಮಿಕರು ನಮ್ಮನ್ನು ನಂಬದೆಹೋದುದು ತಪ್ಪಲ್ಲ. ಮುಂದೆ ಗಣಿಗಳು ತೆರೆದಾಗ ವರ್ಷಕ್ಕೆ ಬಳ್ಳಾರಿಯಲ್ಲಿ 250 ಲಕ್ಷ ಟನ್, ಚಿತ್ರದುರ್ಗ ತುಮಕೂರುಗಳಲ್ಲಿ ಸೇರಿ 50 ಲಕ್ಷ ಟನ್ ಎಂಬ ಮಿತಿ ಬಂತು. ಈ ಎರಡೂ ಸೇರಿ 300 ಲಕ್ಷವಿದ್ದುದು 2017ರಲ್ಲಿ 350 ಲಕ್ಷವಾಯಿತು, 2022ರಲ್ಲಿ 500 ಲಕ್ಷವಾಯಿತು. ಅದೇ 2022ರಲ್ಲಿ ರಫ್ತಿನ ನಿಷೇಧವೂ ಹೋಯಿತು. ಪ್ರತಿ ಸಲವೂ ಉಕ್ಕಿನ ಕಾರ್ಖಾನೆಯ ಬೇಡಿಕೆ, ಸರ್ಕಾರದ ವರಮಾನ, ಜನರ ಉದ್ಯೋಗ ಇವುಗಳ ಪರವಾಗಿ ವಾದಿಸುವವರಿದ್ದರು. 2011ರಲ್ಲಿ ಹುಟ್ಟಿದ ಕೂಸಿಗೆ 2022ರಲ್ಲಿ ಹನ್ನೊಂದು ವರ್ಷ. ಅದರ ಪರವಾಗಿ ವಕಾಲತ್ತು ಯಾರದು?

ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಕೇಳಿದ ಪ್ರಶ್ನೆ ಕೊಳಗದ ಅಳತೆಯಿಂದ ಶುರುವಾಯಿತೆಂಬುದನ್ನು ಹಿರಿಯರು ಬಲ್ಲರು. ಅಳತೆಯ ಪ್ರಶ್ನೆ ಸಣ್ಣದಲ್ಲ. ಇಲ್ಲಿಯೂ ಅಳತೆಯನ್ನೇ ಹಿಡಿಯೋಣ ಎಂಬುದು ನಮ್ಮ ಸಲಹೆ.

ಗೋವೆಯ ಗಣಿಗಳ ಬಗ್ಗೆ 2014ರ ಏಪ್ರಿಲ್‌ನಲ್ಲಿ ಬಂದ ತೀರ್ಪಿನಲ್ಲಿ ಸುಪ್ರೀಂ ಕೋರ್ಟು, ಮಾರಿದ ಅದಿರಿನ ಬೆಲೆಯ ಶೇಕಡ 10ನ್ನು ಒಂದು ಶಾಶ್ವತ ನಿಧಿಗೆ ಹಾಕಬೇಕೆಂದಿತು; ಪೀಳಿಗೆ ಪೀಳಿಗೆಗಳ ನಡುವಣ ನ್ಯಾಯಕ್ಕಾಗಿ ಎಂದು ಕಾರಣವನ್ನೂ ಹೇಳಿತು. ಖನಿಜಗಳು ಪಿತ್ರಾರ್ಜಿತ ಆಸ್ತಿ, ಸರ್ಕಾರ ಅದರ ಧರ್ಮದರ್ಶಿ ಎಂಬ ಅರ್ಥದ ಮಾತನ್ನು 2019ರ ರಾಷ್ಟ್ರೀಯ ಖನಿಜ ನೀತಿಯೇ ಹೇಳುತ್ತದೆ. ಹಾಗಾದರೆ ಬಳ್ಳಾರಿಗೆ ಆ ನಿಧಿ ಏಕಿಲ್ಲ? ಅಸಲನ್ನು ಮುಟ್ಟದೆ ಅದರ ಬಡ್ಡಿಯನ್ನಷ್ಟೇ ಜನರಿಗೆ ಹಂಚಬಹುದು. ನಿಧಿಯೊಂದರಿಂದ ಎಲ್ಲವೂ ಆಗದೆಂಬುದನ್ನೂ ಕಂಡಿದ್ದೇವೆ: ನಮ್ಮ ಜಿಲ್ಲೆಗಳ ಪುನರುಜ್ಜೀವನಕ್ಕೆಂದು ಕೋರ್ಟಿನ ಆದೇಶದಂತೆ ಕೂಡಿದ ಸಾವಿರಾರು ಕೋಟಿ ರೂಪಾಯಿ ವರ್ಷಗಟ್ಟಲೆ ಬ್ಯಾಂಕಿನಲ್ಲಿ ಕುಳಿತಿತು, ಹೂಳು ಕೆರೆಯಲ್ಲಿ ಕುಳಿತಿತು. ಆದ್ದರಿಂದ ಹಣದ ಜೊತೆಗೆ ಕಣ್ಣೂ ಬೇಕು. ಪ್ರತಿಯೊಂದು ಗುತ್ತಿಗೆಯಲ್ಲಿ ಈ ವರ್ಷ ಅಗೆದುದೆಷ್ಟು, ಇನ್ನು ಉಳಿದಿರುವುದೆಷ್ಟು, ಮಾರಿದ ಬೆಲೆಯೆಷ್ಟು, ಜನರಿಗೆ ಬಂದುದೆಷ್ಟು ಎಂಬುದನ್ನು ಕನ್ನಡದಲ್ಲಿ ಬರೆದು ಗ್ರಾಮ ಪಂಚಾಯತಿಯ ಗೋಡೆಗೆ ಅಂಟಿಸಬೇಕು. ಗಣಿ ಮುಚ್ಚುವ ದಿನ ಕಾರ್ಮಿಕನಿಗೆ ಎಷ್ಟು ತಿಂಗಳ ಕೂಲಿ, ಯಾವ ಬದಲಿ ಕೆಲಸ ಎಂಬುದು ಗಣಿ ತೆರೆಯುವ ದಿನವೇ ಕರಾರಿನಲ್ಲಿರಬೇಕು. ಈ ಎರಡನೆಯದನ್ನು ಬಿಟ್ಟು ಮೊದಲನೆಯದನ್ನು ಕೇಳಲು ಹೋದರೆ ಹಳ್ಳಿಯಲ್ಲಿ ನಮ್ಮ ಮುಂದೆ ಯಾರೂ ಕೂಡುವುದಿಲ್ಲ, ಕೂಡಬೇಕಾದುದೂ ಇಲ್ಲ.

ಈ ಬೇಡಿಕೆಗಳ ಕರಡು ಇಲ್ಲಿದೆ. ಸಂಡೂರು, ಹೊಸಪೇಟೆ ತಾಲ್ಲೂಕುಗಳಿಂದ ಬಂದಿರುವವರು ಮೊದಲು ಓದಿ, ನಿಮ್ಮ ಊರಿನ ಕೆರೆ, ಗಣಿಗಳ ಹೆಸರು ಸೇರಿಸಿಕೊಡಬೇಕು. ಗಣಿ ಸಂಘದ ಗೆಳೆಯರು ಕೂಲಿಯ ಕಲಮನ್ನು ತಿದ್ದಲಿ. ಅದು ನಮಗಿಂತ ಅವರಿಗೆ ಗೊತ್ತು. ಮಧ್ಯಾಹ್ನದ ಊಟದ ನಂತರ ಇದರ ಮೇಲೆ ಚರ್ಚೆ.