ಕತ್ತಲೆಯಲ್ಲಿ ನಿಂತು ನೋಡುವ ಚಿತ್ರ



ಶೆಟ್ಟಿಹಳ್ಳಿಯ ರೋಸರಿ ಚರ್ಚನ್ನು ನೋಡದವರು ಆಲೂರು, ಸಕಲೇಶಪುರದ ಕಡೆ ಕಡಿಮೆ. 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ್ದು. ಗೊರೂರಿನಲ್ಲಿ ಅಣೆಕಟ್ಟು ಎದ್ದ ಮೇಲೆ ಮಳೆಗಾಲದಲ್ಲಿ ಹೇಮಾವತಿಯ ಹಿನ್ನೀರು ಅದರ ಗೋಡೆ ಹತ್ತುತ್ತದೆ, ಬೇಸಿಗೆಯಲ್ಲಿ ಇಳಿಯುತ್ತದೆ. ಸೂರಿಲ್ಲ, ಗಾಜಿಲ್ಲ, ಚೂಪು ಕಮಾನಿನ ಬರಿಗಿಟಕಿಗಳು ಉಳಿದಿವೆ. ಅಂಥ ಕಮಾನುಗಳಿಗೆಂದೇ, ಅದೇ ದಶಕದಲ್ಲಿ, ಇಂಗ್ಲೆಂಡಿನಲ್ಲಿ ಚಿತ್ರ ಬರೆಯುತ್ತಿದ್ದವನು ಎಡ್ವರ್ಡ್ ಬರ್ನ್-ಜೋನ್ಸ್.

1833ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಹುಟ್ಟಿದ ಈತ ಪಾದ್ರಿಯಾಗಲೆಂದು ಆಕ್ಸ್‌ಫರ್ಡಿಗೆ ಹೋದ. ಅಲ್ಲಿ ವಿಲಿಯಂ ಮಾರಿಸ್ ಗೆಳೆಯನಾದ. 1855ರಲ್ಲಿ ಫ್ರಾನ್ಸಿನ ಹಳೆಯ ಕೆಥೆಡ್ರಲ್‌ಗಳನ್ನು ಸುತ್ತಿ ಬಂದ ಇಬ್ಬರೂ ಪಾದ್ರಿಯಾಗುವ ದಾರಿ ಬಿಟ್ಟು ಕಲೆಯನ್ನು ಹಿಡಿದರು. 1861ರಲ್ಲಿ ಮಾರಿಸ್ ಮತ್ತು ಗೆಳೆಯರು ಸೇರಿ ಕಂಪನಿ ತೆರೆದಾಗ ಬರ್ನ್-ಜೋನ್ಸ್ ಅದರ ಪಾಲುದಾರ.

ಅಲ್ಲಿ ಬಣ್ಣದ ಗಾಜಿನ ಕಿಟಕಿಗಳ ಕೆಲಸ ನಡೆಯುತ್ತಿದ್ದ ಬಗೆ ಕೇಳಿ. ಬರ್ನ್-ಜೋನ್ಸ್ ಕಿಟಕಿಯಷ್ಟೇ ದೊಡ್ಡ ಕಾಗದದ ಮೇಲೆ ಆಕೃತಿಗಳನ್ನು ಬರೆಯುತ್ತಿದ್ದ, ಬಹುಮಟ್ಟಿಗೆ ಬಣ್ಣವೇ ಇಲ್ಲದೆ. ಕಸುಬಿನವರ ಮಾತಿನಲ್ಲಿ ಅದು ಕಾರ್ಟೂನ್. ಬಣ್ಣ ಆರಿಸುವವನು ಮಾರಿಸ್. ಗಾಜಿನ ಬಣ್ಣ ಮೇಲೆ ಬಳಿದದ್ದಲ್ಲ. ಕರಗುವಾಗಲೇ ಕೋಬಾಲ್ಟ್ ಬೆರೆತರೆ ನೀಲಿ, ತಾಮ್ರ ಬೆರೆತರೆ ಹಸಿರು ಇಲ್ಲವೇ ಕೆಂಪು. ಮುಖ, ಬೆರಳು, ಸೆರಗಿನ ಮಡಿಕೆಗಳನ್ನು ಮಾತ್ರ ಕಪ್ಪು ಬಣ್ಣದಲ್ಲಿ ಬರೆದು ಕುಲುಮೆಯಲ್ಲಿ ಸುಡುತ್ತಿದ್ದರು. ಕೊನೆಗೆ ಚೂರುಗಳನ್ನೆಲ್ಲ ಸೀಸದ ಪಟ್ಟಿಯಲ್ಲಿ ಕೂರಿಸಿ ಬೆಸುಗೆ. ಆ ಸೀಸದ ಕಪ್ಪು ಗೆರೆಯನ್ನು ಬರ್ನ್-ಜೋನ್ಸ್ ಮರೆಮಾಚಲಿಲ್ಲ. ರೆಕ್ಕೆಯ ಅಂಚಿನಲ್ಲಿ, ನಿಲುವಂಗಿಯ ನೆರಿಗೆಯಲ್ಲಿ ಅದನ್ನೇ ರೇಖೆಯಾಗಿ ಹರಿಸಿದ.

ನಮ್ಮ ದೇಶದಲ್ಲೂ ಅವನ ಕೆಲಸವಿದೆ. ಕೋಲ್ಕತ್ತದ ಸೇಂಟ್ ಪಾಲ್ ಕೆಥೆಡ್ರಲ್‌ನ ಪಶ್ಚಿಮದ ಕಿಟಕಿ 1880ರದು. 1872ರಲ್ಲಿ ಅಂಡಮಾನಿನಲ್ಲಿ ಕೊಲೆಯಾದ ವೈಸ್‌ರಾಯ್ ಮೇಯೋ ನೆನಪಿಗೆ ಅದನ್ನು ಇಟ್ಟರು. ಬೆಂಗಳೂರಿನ ಮೇಯೋ ಹಾಲ್ ಕೂಡ ಅದೇ ಮನುಷ್ಯನ ಹೆಸರಿನದು.

ಬರ್ಮಿಂಗ್‌ಹ್ಯಾಮ್‌ನಲ್ಲಿ ತನಗೆ ದೀಕ್ಷಾಸ್ನಾನವಾದ ಸೇಂಟ್ ಫಿಲಿಪ್ ಚರ್ಚಿಗೆ ಅವನು ನಾಲ್ಕು ಕಿಟಕಿ ಬರೆದುಕೊಟ್ಟ. ಮೊದಲನೆಯದು 1885ರಲ್ಲಿ, ಕೊನೆಯದು 1897ರಲ್ಲಿ, ಸಾಯುವ ಹಿಂದಿನ ವರ್ಷ. ಎರಡನೇ ಮಹಾಯುದ್ಧ ಬಂದಾಗ ಊರವರು ಆ ಗಾಜುಗಳನ್ನು ಬಿಚ್ಚಿ ವೇಲ್ಸ್‌ನ ಗಣಿಯೊಂದರಲ್ಲಿ ಇಟ್ಟರು. 1940ರಲ್ಲಿ ಚರ್ಚಿನ ಮೇಲೆ ಬಾಂಬು ಬಿತ್ತು, ಗಾಜು ಉಳಿಯಿತು.

ಇಂಥ ಕಿಟಕಿಯನ್ನು ಹಗಲಲ್ಲಿ ಹೊರಗಿನಿಂದ ನೋಡಿ: ಮಂಕು ಗಾಜು, ಸೀಸದ ಬಲೆ, ಅಷ್ಟೇ. ಒಳಗಿನ ಕತ್ತಲೆಗೆ ಬಂದವರಿಗೇ ಅದು ಬಣ್ಣ ತೋರುವುದು. ನಮ್ಮ ಬೇಲೂರಿನವರಿಗೂ ಈ ಮರ್ಮ ಗೊತ್ತಿತ್ತು. ಚೆನ್ನಕೇಶವನ ನವರಂಗಕ್ಕೆ ಕಲ್ಲಿನ ಜಾಲಂಧ್ರ ಕೂರಿಸಿ, ಬಿಸಿಲನ್ನು ಸೋಸಿ, ನೆರಳನ್ನು ಒಳಗೆ ಹಿಡಿದಿಟ್ಟರು. ಅಲ್ಲಿ ಕಲ್ಲು ಮಾಡಿದ ಕೆಲಸವನ್ನೇ ಇಲ್ಲಿ ಸೀಸ ಮಾಡಿತು.

ಹಾಗಾಗಿ ಶೆಟ್ಟಿಹಳ್ಳಿಯಲ್ಲಿ ನಿಂತಾಗ ನನ್ನನ್ನು ಕಾಡುವುದು ಹೋದ ಗಾಜಲ್ಲ, ಹೋದ ಸೂರು. ಗಾಜನ್ನು ಮತ್ತೆ ಮಾಡಿಸಬಹುದು. ಸೂರಿನ ಕೆಳಗೆ ತಲೆಮಾರುಗಳು ಮೊಣಕಾಲೂರಿದ್ದ ಆ ತಂಪು ಕತ್ತಲೆ ಮಾತ್ರ ಮತ್ತೆ ಬಾರದು. ಮುಂದಿನ ಸಲ ಬೇಲೂರಿಗೆ ಹೋದಾಗ ನವರಂಗದಲ್ಲಿ ಟಾರ್ಚು ಹಾಕಬೇಡಿ. ಕಣ್ಣು ಹೊಂದಿಕೊಳ್ಳುವವರೆಗೆ ಸುಮ್ಮನೆ ನಿಲ್ಲಿ.